ಕಡೆಯ ಕಲ್ಲಿನ ನೀರು

ಇವತ್ತು ಬೆಳಿಗ್ಗೆಯೂ ಎಂದಿನಂತೆ ಐದೂವರೆಗೆ ಎದ್ದೆ. ಹಾಲು ಕರೆದು ಡೈರಿಗೆ ಹಾಕಿ ಬರುವುದು ನಮ್ಮ ಯಜಮಾನರ ಕೆಲಸ. ಅವರು ಬರುವಷ್ಟರಲ್ಲಿ ಉಪ್ಸಾರು ಮಾಡಿ, ಮುದ್ದೆ ಕಟ್ಟಿ, ಊಟದ ಡಬ್ಬಿ ತುಂಬಿಡುವುದು ನನ್ನದು. ಅವರಿರುವುದು ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ. ಏಳಕ್ಕೆ ಬೈಕು ಹೊರಡದಿದ್ದರೆ ಹೊತ್ತಾಗುತ್ತದೆ. ಅವರನ್ನು ಕಳಿಸಿ, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿ, ಬಿಸಿನೀರು ಕೊಟ್ಟು, ಎಂಟರ ಹೊತ್ತಿಗೆ ಮೆಷಿನ್ನಿಗೆ ಬಟ್ಟೆ ಹಾಕಿದೆ. ಚಳಿ ಕಳೆಯಿತು, ರಗ್ಗು ಒಗೆದು ಎತ್ತಿಡೋಣ ಅಂತ ಎರಡನ್ನೂ ಒಟ್ಟಿಗೆ ತುರುಕಿದ್ದೇ ತಪ್ಪಾಯಿತು. ಮೆಷಿನ್ನು ಅರ್ಧ ಸುತ್ತು ತಿರುಗಿ, ನರಳಿ, ನಿಂತುಹೋಯಿತು.

ಜಗಲಿಯಲ್ಲಿ ಕೂತಿದ್ದ ಅತ್ತೆ ಅಲ್ಲಿಂದಲೇ ಹೇಳಿದರು: "ಎಚ್ಚಿಗೆ ಏರುದ್ರೆ ಎತ್ತೇ ಕೂತ್ಕತದೆ, ಅದಿನ್ನು ಡಬ್ಬ. ನಾಲೆತಕೆ ತಕ್ಕೊಂಡೋಗು. ಕಲ್ಲವಲ್ಲ, ಅವೇನ್ ಕೆಟ್ಟೋಗಾಕಿಲ್ಲ."

ರಗ್ಗುಗಳನ್ನು ಬಕೆಟ್ಟಿಗೆ ಹಾಕಿಕೊಂಡು ಹೊರಟೆ. ನಾನು ಆ ಕಡೆ ಬಟ್ಟೆ ಹಿಡಿದು ಹೋಗಿ ವರ್ಷದ ಮೇಲಾಗಿತ್ತು. ಬೇಸಿಗೆ ಬೆಳೆಗೆಂದು ಮೊನ್ನೆಯಷ್ಟೇ ಕನ್ನಂಬಾಡಿ ಕಟ್ಟೆಯಿಂದ ನಾಲೆಗೆ ನೀರು ಬಿಟ್ಟಿದ್ದರು. ನಾಲೆಯ ಏರಿ ಇಳಿಯುವಾಗಲೇ ವಾಸನೆ ಬಂತು. ಬಿಸಿಲೇರುವ ಮೊದಲು ನೆನೆದ ಬೂದುಗಲ್ಲಿಗೆ ತನ್ನದೇ ಒಂದು ವಾಸನೆ ಇರುತ್ತದೆ; ಅದರ ಜೊತೆ ನೀಲಿ ಸೋಪಿನ ವಾಸನೆ ಬೆರೆತರೆ ಅದು ಇನ್ನೊಂದೇ ಆಗುತ್ತದೆ. ಮೂಗಿಗೆ ಅದು ಬಿದ್ದದ್ದೇ, ಬಕೆಟ್ಟು ಕೆಳಗಿಟ್ಟು ಒಂದು ಗಳಿಗೆ ನಿಂತೆ. ಎಂಟು ವರ್ಷದ ಹಿಂದಿನ ಆ ಮಳೆಗಾಲ ಪೂರ್ತಿ ಈ ವಾಸನೆಯಲ್ಲೇ ಕಳೆದಿತ್ತು. ಆ ಮಳೆಗಾಲದಲ್ಲಿ ನಾನು ಒಂದೇ ಒಂದು ವಾಕ್ಯ ತಪ್ಪು ಹೇಳಿದ್ದೆ.

ನಮ್ಮೂರು ಚಿನಕುರಳಿಯಿಂದ ಸ್ವಲ್ಪ ಆಚೆ, ನಾಲೆಗೆ ಅಂಟಿಕೊಂಡಿರುವ ಊರು. ನಾನು ಮದುವೆಯಾಗಿ ಬಂದಾಗ ನಾಲೆಯ ದಡದಲ್ಲೇ ಹಳೆಯ ಸೋಪಾನಕಟ್ಟೆ ಇತ್ತು. ಸೇತುವೆಯ ಮೇಲ್ಗಡೆ ನಮ್ಮ ಬೀದಿಯವರು, ಸೇತುವೆ ದಾಟಿ ಕೆಳಗಡೆ ಕೆಳಬೀದಿಯವರು ಒಗೆಯುತ್ತಿದ್ದರು. ಹಾಗೆಂದು ಯಾರೂ ಬೋರ್ಡು ಹಾಕಿರಲಿಲ್ಲ. ನೀರು ಹರಿಯುವ ದಿಕ್ಕು ಎಲ್ಲರಿಗೂ ಗೊತ್ತಿತ್ತು, ಅಷ್ಟೇ. ಆಮೇಲೆ ನಾಲೆಯ ಒಳಮೈಗೆಲ್ಲ ಸಿಮೆಂಟು ಬಂತು, ಮೆಟ್ಟಿಲುಗಳು ಹೋದವು, ಇಳಿಜಾರು ಜಾರುಬಂಡೆಯಾಯಿತು. ಹೆಂಗಸರು ಎಲ್ಲಿ ಒಗೆಯಬೇಕು ಎಂಬ ಮಾತು ಪಂಚಾಯಿತಿಯಲ್ಲಿ ಎದ್ದಾಗ ಮೈಸೂರಿನಿಂದ ಅನಘಾ ಬಂದಳು.

ಅನಘಾ ಕಟ್ಟಡದ ನಕ್ಷೆ ಮಾಡುವ ಹುಡುಗಿ, ಆಗಿನ್ನೂ ಮೂವತ್ತು ದಾಟಿರಲಿಲ್ಲ. ಬಂದವಳು ನಕ್ಷೆ ಬಿಚ್ಚಲಿಲ್ಲ, ತಿಂಗಳುಗಟ್ಟಲೆ ನಮ್ಮ ಜೊತೆ ಕೂತು ಬಟ್ಟೆ ಒಗೆದಳು. ನಮ್ಮ ಸೊಂಟ ಎಷ್ಟು ಬಗ್ಗುತ್ತದೆ, ಕೈ ಎಷ್ಟು ಮೇಲೇಳುತ್ತದೆ ಅಂತ ಟೇಪು ಹಿಡಿದು ಬರೆದುಕೊಂಡಳು. ನಾಲೆ ಏರಿಯ ಕೆಳಗೆ, ಚಿನಕುರಳಿ ಕಡೆಯ ಕಲ್ಲಿನಲ್ಲೇ, ಉದ್ದಕ್ಕೆ ಒಂದು ತೆರೆದ ಮಂಟಪ ಕಟ್ಟಿಸಿದಳು. ಬಗ್ಗದೆ ನಿಂತೇ ಒಗೆಯುವಂತೆ ಸೊಂಟದೆತ್ತರಕ್ಕೆ ಹನ್ನೊಂದು ಕಲ್ಲು, ಎಲ್ಲವೂ ಒಂದೇ ಅಳತೆ, ಒಂದೇ ಸಾಲು. ನಾಲೆಯ ತೂಬಿನಿಂದ ಬಂದ ನೀರು, ಕಲ್ಲಿನಲ್ಲೇ ಕೊರೆದ ಒಂದು ಕಾಲುವೆಯಲ್ಲಿ ಹನ್ನೊಂದೂ ಕಲ್ಲಿನ ಮುಂದೆ ಹಾದು ಹೊರಗೆ ಹೋಗುತ್ತಿತ್ತು. ರಸ್ತೆ ಕಡೆಗೆ ಸಣ್ಣ ಸಣ್ಣ ಕಿಂಡಿಯ ಕಲ್ಲುಗೋಡೆ; ಬೆಳಗಿನ ಬಿಸಿಲು ಅದರಿಂದ ತೂರಿ ನೀರಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತಿತ್ತು. ನಿಜಕ್ಕೂ ಚೆಂದವಿತ್ತು.

"ಈ ಸಾಲು ನನಗೆ ಹೊಳೆದದ್ದು ಗೋವಿಂದನಹಳ್ಳಿಯಲ್ಲಿ ಅಕ್ಕ" ಎಂದಿದ್ದಳು ಅನಘಾ. ಕೆ.ಆರ್. ಪೇಟೆ ತಾಲ್ಲೂಕಿನ ಆ ಹಳೆಯ ಪಂಚಲಿಂಗೇಶ್ವರ ದೇವಸ್ಥಾನದಲ್ಲಿ ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿವೆ. "ಐದರಲ್ಲಿ ದೊಡ್ಡದು ಚಿಕ್ಕದು ಅನ್ನೋದಿಲ್ಲ. ಇಲ್ಲೂ ಹಾಗೇ ಇರಲಿ. ಎಲ್ಲ ಬೀದಿಯವರೂ ಒಂದೇ ಚಾವಣಿ ಕೆಳಗೆ."

ನಾವೆಲ್ಲ ತಲೆಯಾಡಿಸಿದೆವು. ನೀರು ಮೊದಲ ಕಲ್ಲಿನಿಂದ ಹನ್ನೊಂದನೆಯ ಕಲ್ಲಿಗೆ ಹೋಗುತ್ತದೆ, ಹನ್ನೊಂದರಿಂದ ಮೊದಲಕ್ಕೆ ಬರುವುದಿಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದ ವಿಷಯ ಅದು ಅಂತಲೇ ಯಾರಿಗೂ ಅನ್ನಿಸಿರಲಿಲ್ಲ. ಪೂಜೆ ಮಾಡಿ ನೀರು ಬಿಟ್ಟ ಮೊದಲ ದಿನವೇ ನಮ್ಮತ್ತೆ ಹೋಗಿ ಮೊದಲನೆಯ ಕಲ್ಲಿನ ಮುಂದೆ ನಿಂತರು. ಕೆಳಬೀದಿಯ ಸಾಕಮ್ಮ ಬಂದು, ಕಣ್ಣಲ್ಲೇ ಒಂದು ಸಲ ಅಳೆದು, ಸೀದಾ ಹನ್ನೊಂದನೆಯದಕ್ಕೆ ಹೋದರು. ಜಗಳವಿಲ್ಲ, ಮಾತಿಲ್ಲ. ವಾರದೊಳಗೆ ಹನ್ನೊಂದು ಕಲ್ಲಿಗೂ ಯಜಮಾನಿಕೆ ಬಂದಿತ್ತು.

ಮರುವರ್ಷ ಶ್ರಾವಣದಲ್ಲಿ ಸುದ್ದಿ ಬಂತು. ಹೊರದೇಶದವರು ಕಟ್ಟಡಗಳಿಗೆ ಕೊಡುವ ದೊಡ್ಡ ಪ್ರಶಸ್ತಿಯೊಂದರ ಕಡೆಯ ಪಟ್ಟಿಯಲ್ಲಿ ನಮ್ಮೂರ ಬಟ್ಟೆ ಒಗೆಯುವ ಕಟ್ಟೆಯೂ ಇದೆ ಎಂದು. ದೊಡ್ಡ ದೊಡ್ಡ ಊರುಗಳ ಗ್ರಂಥಾಲಯ, ವಿಮಾನ ನಿಲ್ದಾಣಗಳ ಜೊತೆಗೆ ಇದು! ನಾಟಿ ಕೆಲಸದ ಕಾಲ. ಆದರೂ ಗದ್ದೆಯಲ್ಲಿ ಅದೇ ಮಾತು. ಪ್ರಶಸ್ತಿಯವರ ಕಡೆಯಿಂದ ಒಬ್ಬರು ಬಂದು ಕಟ್ಟೆಯನ್ನು ನೋಡಿ, ಬಳಸುವವರನ್ನು ಮಾತಾಡಿಸಿ, ವರದಿ ಬರೆಯುತ್ತಾರಂತೆ. ಆಗ ಕಟ್ಟಿದವರು ಹತ್ತಿರ ಇರಬಾರದಂತೆ. ಅವರ ಜೊತೆ ಬರಬೇಕಿದ್ದ ದುಭಾಷಿ ಹಿಂದಿನ ದಿನ ಜ್ವರ ಬಂದು ಮಲಗಿಬಿಟ್ಟರು. ಪಂಚಾಯಿತಿ ಅಧ್ಯಕ್ಷರು ಬೆಳಿಗ್ಗೆಯೇ ನಮ್ಮ ಮನೆ ಬಾಗಿಲಿಗೆ ಬಂದರು.

"ಲತಮ್ಮ, ನೀವು ಕಾನ್ವೆಂಟ್ನಲ್ ಓದ್ದೋರು. ನೀವೇ ಬರ್ಬೇಕು. ಊರ್ ಮರ್ವಾದೆ ಇವತ್ತು ನಿಮ್ ಬಾಯಲ್ಲಿ ಅದೆ."

ನಾನು ಓದಿದ್ದು ಕಾನ್ವೆಂಟಿನಲ್ಲೇ, ಹೌದು. ಅಪ್ಪ ಶ್ರೀರಂಗಪಟ್ಟಣದ ಅಂಚೆ ಕಚೇರಿಯಲ್ಲಿದ್ದರು. ದಿನಾ ರೈಲಿನಲ್ಲಿ ಮೈಸೂರಿಗೆ ಹೋಗಿ ಬರುತ್ತಿದ್ದೆ. ಮದುವೆಯಾದ ಮೇಲೆ ಆ ಇಂಗ್ಲಿಷು ಔಷಧದ ಚೀಟಿ ಓದುವುದಕ್ಕೆ, ಬ್ಯಾಂಕಿನ ಫಾರಂ ತುಂಬುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬೇಕಾಗಿರಲಿಲ್ಲ. ಒಳ್ಳೆಯ ಕಾಟನ್ ಸೀರೆ ಉಟ್ಟು ಹೋದೆ.

ಬಂದವರು ಹೆಂಗಸು. ನರೆತ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಿದ್ದರು. ಕತ್ತಿನಲ್ಲಿ ಕ್ಯಾಮೆರಾ ಇತ್ತು, ಆದರೆ ಮೊದಲ ಒಂದು ಗಂಟೆ ಅದನ್ನು ಮುಟ್ಟಲಿಲ್ಲ. ಬೂಟು ಬಿಚ್ಚಿ, ಬರಿಗಾಲಲ್ಲಿ ಕಟ್ಟೆಯ ಉದ್ದಕ್ಕೂ ನಡೆದು, ನೆಲ ಎತ್ತ ಇಳಿದಿದೆ ಅಂತ ಪಾದದಲ್ಲೇ ನೋಡಿದರು. ಆಮೇಲೆ ಒಬ್ಬೊಬ್ಬರ ಹತ್ತಿರ ನಿಂತು ಎರಡೇ ಪ್ರಶ್ನೆ ಕೇಳುತ್ತ ಬಂದರು: ಏನು ಚೆನ್ನಾಗಿದೆ, ಏನು ಕಷ್ಟವಾಗುತ್ತದೆ? ನಾನು ಕನ್ನಡ ಮಾಡಿ ಕೇಳಿ, ಬಂದ ಉತ್ತರವನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕು.

ಅತ್ತೆ ಮೊದಲ ಕಲ್ಲಿನಲ್ಲಿದ್ದರು. "ಸೊಂಟ್ನೋವು ಓಯ್ತು ಅನ್ನು. ಕಷ್ಟ ಏನೂ ಇಲ್ಲ ಅನ್ನು. ಆಯಮ್ಮ ಊಟ ಮಾಡುದ್ರಾ ಕೇಳು, ಅದ್ಯಾಕಂಗೆ ಕಡ್ಡಿ ಆಗವ್ರೆ?" ಎಂದರು. ಊಟದ ವಿಷಯವನ್ನೂ ಸೇರಿಸಿಯೇ ಹೇಳಿದೆ. ಮೇಡಂ ನಕ್ಕರು. ಹೀಗೇ ಎರಡು, ಮೂರು, ನಾಲ್ಕನೆಯ ಕಲ್ಲು. ಬಿಸಿಲಿಲ್ಲ, ಗಾಳಿ ಬರುತ್ತದೆ, ಬಟ್ಟೆ ಬದಲಾಯಿಸಲು ಮರೆ ಇದೆ. ಎಲ್ಲವೂ ನಿಜವೇ.

ಕೊನೆಗೆ ಹನ್ನೊಂದನೆಯ ಕಲ್ಲಿಗೆ ಬಂದೆವು. ಸಾಕಮ್ಮ ಕೈ ಒರೆಸಿಕೊಂಡು ನಿಂತಿದ್ದರು. ಅವರು ಯೋಚನೆ ಮಾಡಿಕೊಂಡೇ ಬಂದಿದ್ದರು ಅಂತ ಈಗ ಅನ್ನಿಸುತ್ತದೆ.

"ಕಷ್ಟ ಏನದೆ ಅಂತ ಕೇಳ್ತಾವ್ರಾ? ಏಳ್ತೀನಿ, ಇದ್ದಂಗೇ ಏಳಿ ಅವ್ರಿಗೆ. ಗೋಯಿಂದ್ನಳ್ಳಿ ಗುಡೀಲಿ ಐದ್ ಲಿಂಗ ಸಾಲಾಗವೆ, ಇದ್ನೂ ಅಂಗೇ ಮಾಡಿವ್ನಿ ಅಂತ ಆ ಉಡ್ಗಿ ಏಳ್ತು. ಸರಿ. ಕಾರ್ತೀಕ್ದಲ್ಲಿ ನಾನು ಬಾಗ್ಲಲ್ ನಿಂತ್ಕಂಡು ನೋಡಿವ್ನಿ. ಐದ್ಕೂ ಬ್ಯಾರೆ ಬ್ಯಾರೆ ಬಿಂದ್ಗೇಲಿ ನೀರ್ ಉಯ್ತಾರೆ ಕಣ್ರವ್ವ. ಮೊದ್ಲೆ ಲಿಂಗುಕ್ ಉಯ್ದಿದ್ನ ಬಳುದು ಎರಡ್ನೇದುಕ್ ಉಯ್ದು, ಅದ್ನ ಬಳುದು ಮೂರ್ನೇದುಕ್ ಉಯ್ಯಾಕಿಲ್ಲ. ಶಿವುಂಗೇ ಅಂಗ್ ಮಾಡ್ನಿಲ್ಲ ಅಂದ್ಮೇಲೆ ನಮಗ್ಯಾಕ್ ಮಾಡುದ್ರಿ?"

ಹೇಳುತ್ತ ಹೇಳುತ್ತ ಅವರ ಕೈ ಐದು ಸಲ ಗಾಳಿಯಲ್ಲಿ ಬಿಂದಿಗೆ ಬಗ್ಗಿಸಿತು. ಅವರ ಮುಂದಿನ ಕಾಲುವೆಯಲ್ಲಿ ಹತ್ತು ಕಲ್ಲಿನ ನೊರೆ, ನಾಟಿ ಮಾಡಿ ಬಂದವರ ಸೀರೆಯ ಕೆಸರು, ಯಾರದೋ ಮಗುವಿನ ಬಟ್ಟೆಯ ಹಳದಿ ಎಲ್ಲ ಸೇರಿ ಗಂಜಿಯ ಬಣ್ಣದ ನೀರು ನಿಧಾನಕ್ಕೆ ಹೋಗುತ್ತಿತ್ತು. ಕಾಲುವೆಯ ಅಂಚಿನ ಕಲ್ಲಿನ ಮೇಲೆ ಸೋಪಿನ ಬಿಳಿ ಗೆರೆ ಕೂತಿತ್ತು. ಅದು ನಮ್ಮ ಕಲ್ಲಿನ ಹತ್ತಿರ ಇರಲಿಲ್ಲ. ಅದನ್ನು ನಾನು ನೋಡಿದ್ದು ಅದೇ ಮೊದಲು.

ಆ ತುದಿಯಿಂದ ಅತ್ತೆ ನನ್ನನ್ನೇ ನೋಡುತ್ತಿದ್ದರು. ಏರಿಯ ಮೇಲೆ ಅಧ್ಯಕ್ಷರು ಪಂಚೆ ಮೇಲಕ್ಕೆ ಕಟ್ಟಿ ನಿಂತಿದ್ದರು. ಕಾನ್ವೆಂಟಿನಲ್ಲಿ ಇನ್‌ಸ್ಪೆಕ್ಷನ್ ಬಂದರೆ ಕಾಲು ಮುರಿದ ಡೆಸ್ಕಿನ ಮೇಲೆ ಕಸೂತಿ ಹಾಕಿದ ಬಟ್ಟೆ ಹಾಸಿ ಹೂದಾನಿ ಇಡುತ್ತಿದ್ದರು. ಬಟ್ಟೆ ಸುಕ್ಕಿಲ್ಲದೆ ಹಾಸುತ್ತೇನೆ ಅಂತ ಆ ಕೆಲಸವನ್ನು ಸಿಸ್ಟರ್ ಯಾವಾಗಲೂ ನನಗೇ ಕೊಡುತ್ತಿದ್ದರು. ಅವತ್ತೂ ಹಾಸಿದೆ. ಈ ಜಾಗ ನೋಡಿದರೆ ಆಕೆಗೆ ಗೋವಿಂದನಹಳ್ಳಿಯ ದೇವಸ್ಥಾನ ನೆನಪಾಗುತ್ತದಂತೆ ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಆ ವಾಕ್ಯದಲ್ಲಿ ಸುಳ್ಳು ಅಂತ ಬೆರಳಿಟ್ಟು ತೋರಿಸುವ ಪದ ಒಂದೂ ಇರಲಿಲ್ಲ.

ಮೇಡಂ ಸಾಕಮ್ಮನ ಕೈಯನ್ನು ನೋಡಿದರು, ನನ್ನ ಮುಖ ನೋಡಿದರು, ಮರ್ಯಾದೆಗೆಂಬಂತೆ ನಕ್ಕು ಬರೆದುಕೊಂಡರು.

"ಅಷ್ಟೇಯಾ?" ಎಂದರು ಸಾಕಮ್ಮ.

"ಅಷ್ಟೇ" ಎಂದೆ.

"ಇಂಗ್ಲೀಸು ಬಾಳ ಸಣ್ಣ ಬಾಸೆ ಬುಡಿ ಅವ್ವಾರೆ. ನಾನ್ ಇಷ್ಟುದ್ದ ಏಳಿದ್ದು ಅಂಗೈ ಅಗಲುಕ್ಕೇ ಮುಗುದೋಯ್ತು." ಅಕ್ಕಪಕ್ಕದ ಹೆಂಗಸರು ನಕ್ಕರು. ಸಾಕಮ್ಮನೂ ನಕ್ಕರು. ನಗುತ್ತಲೇ ತಿರುಗಿ, ಬಟ್ಟೆ ಕುಕ್ಕುವುದಕ್ಕೆ ಶುರು ಮಾಡಿದರು.

ಮನೆಗೆ ಬರುವ ದಾರಿಯಲ್ಲಿ ಅತ್ತೆ ಹೇಳಿದರು: "ಅದೇನಂದ್ಯೋ ನಂಗೊತ್ತಿಲ್ಲ ಕಣಮ್ಮಿ. ಸರ್ಯಾಗಂದೆ." ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅತ್ತೆ ನನ್ನನ್ನು ಹೊಗಳಿದ್ದು ಅದೇ ಮೊದಲ ಸಲ. ನನ್ನ ಬಿಸಿಬೇಳೆಬಾತಿಗೂ ಅವರು ಅಷ್ಟು ಹೇಳಿರಲಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಎಲ್ಲರ ಮನೆಯ ದುಪ್ಪಟಿ, ದಿಂಬಿನ ಚೀಲ ಎಲ್ಲ ಕಟ್ಟೆಗೆ ಬಂದಿದ್ದವು. ಹನ್ನೊಂದೂ ಕಲ್ಲು ತುಂಬಿತ್ತು. ಸಾಕಮ್ಮನ ಮಗಳು ಮಂಡ್ಯದಲ್ಲಿ ನರ್ಸಿಂಗ್ ಓದುತ್ತಿದ್ದವಳು ಹಬ್ಬಕ್ಕೆ ಬಂದಿದ್ದಳು. ಹೋಗುವಾಗ ಬಿಳಿ ಯೂನಿಫಾರಂ ಒಯ್ಯಬೇಕು. ಆ ನೀರಿನಲ್ಲಿ ಬಿಳಿ ಬಟ್ಟೆ ಜಾಲಿಸಿದರೆ ಇನ್ನಷ್ಟು ಕೊಳೆಯಾಗುತ್ತಿತ್ತೇ ಹೊರತು ಬಿಳಿಯಾಗುತ್ತಿರಲಿಲ್ಲ. ಸಾಕಮ್ಮ ಬಿಂದಿಗೆ ತೆಗೆದುಕೊಂಡು ಏರಿ ಹತ್ತಿದರು. ಏರಿಯ ಅಂಚಿಗೆ ತಡೆಯಾಗಿ ಹಾಕಿದ್ದ ಕಂಬಿಯ ಕೆಳಗೆ ನುಸುಳಿ, ನಾಲೆಯ ಸಿಮೆಂಟಿನ ಇಳಿಜಾರಿನಲ್ಲಿ ಕೂತು ಕೂತೇ ಇಳಿದರು. ದಿನಾ ಅವರು ಹಾಗೇ ಮಾಡುತ್ತಿದ್ದರಂತೆ, ನನಗೆ ಗೊತ್ತಿರಲಿಲ್ಲ.

ಯಾರೋ ಕೂಗಿದರು. ನಾನು ಏರಿ ಹತ್ತಿ ನೋಡಿದಾಗ ಮೊದಲು ಕಂಡಿದ್ದು ಬಿಂದಿಗೆ. ಸ್ಟೀಲು ಬಿಂದಿಗೆ ಬಿಸಿಲಿಗೆ ಹೊಳೆಯುತ್ತ, ಆರಾಮಾಗಿ ತಿರುಗುತ್ತ ಸೇತುವೆ ಕಡೆಗೆ ಹೋಗುತ್ತಿತ್ತು. ಆಮೇಲೆ ಸಾಕಮ್ಮ ಕಂಡರು. ಎದೆಮಟ್ಟ ನೀರು. ಎರಡು ಕೈಯಲ್ಲೂ ಸಿಮೆಂಟಿನಿಂದ ಎದ್ದಿದ್ದ ಕಬ್ಬಿಣದ ಒಂದು ತುಂಡನ್ನು ಹಿಡಿದಿದ್ದರು. ನಾನು ಕಂಬಿ ಹಿಡಿದು ನಿಂತೇ ಇದ್ದೆ.

ಓಡಿ ಬಂದವರು ಅತ್ತೆ. ಕೈಯಲ್ಲಿ ಅರ್ಧ ಒಗೆದ ದುಪ್ಪಟಿ ಹಾಗೇ ಇತ್ತು. ಅದನ್ನು ಹಗ್ಗದ ಹಾಗೆ ಹೊಸೆದು, ಒಂದು ತುದಿ ಕಂಬಿಗೆ ಸುತ್ತಿ, ಇನ್ನೊಂದು ತುದಿ ಬೀಸಿದರು. "ಇಡ್ಕೊಳೇ! ಇಡ್ಕೊ! ಬುಟ್ಟೀಯ!" ನಾವು ಐದಾರು ಜನ ಸೇರಿ ಎಳೆದೆವು. ಮೇಲೆ ಬಂದ ಸಾಕಮ್ಮನ ಮೊಣಕೈ ತರಚಿ ರಕ್ತ ಬರುತ್ತಿತ್ತು. ಅತ್ತೆ ಅದೇ ದುಪ್ಪಟಿಯ ಅಂಚಿನಿಂದ ಒರೆಸುತ್ತ ಬೈದರು: "ಸಾಯಾಕ್ ಬಂದಿದ್ದಾ ಇಲ್ಲಿಗೆ? ಕೆಳುಗ್ಡೆ ಕಲ್ಲತ್ರ ನೀರಿಲ್ವಾ?"

ಸಾಕಮ್ಮ ಏದುಸಿರಿನಲ್ಲೇ ಹೇಳಿದರು: "ನೀರದೆ ಕಣ್ರವ್ವ. ನಿಮ್ ಮನೇದೆಲ್ಲ ಅದ್ರಲ್ಲೇ ಅದೆ."

ಅತ್ತೆ ಒರೆಸುವುದನ್ನು ನಿಲ್ಲಿಸಲಿಲ್ಲ. ಹಬ್ಬ ಮುಗಿದ ಮೇಲೆ ಮತ್ತೆ ಮೊದಲನೆಯ ಕಲ್ಲಿಗೇ ಹೋಗಿ ನಿಂತರು.

ಅವತ್ತೇ ಸಂಜೆ ಬಾಗಿನದ ಮೊರ ಜೋಡಿಸುವುದನ್ನು ಬಿಟ್ಟು ಹಿತ್ತಲಿಗೆ ಹೋಗಿ ಅನಘಾಳಿಗೆ ಫೋನು ಮಾಡಿದೆ. ಸಾಕಮ್ಮ ಹೇಳಿದ್ದು ಇದು, ನಾನು ಹೇಳಿದ್ದು ಇದು ಅಂತ ಎರಡನ್ನೂ ಹೇಳಿದೆ. ಬಿಂದಿಗೆಯ ವಿಷಯವನ್ನೂ ಹೇಳಿದೆ.

"ಅಕ್ಕ, ನಾನು ಗೋವಿಂದನಹಳ್ಳಿಗೆ ಎಂಟು ಸಲ ಹೋಗಿದ್ದೀನಿ" ಎಂದಳು. "ಗೋಡೆ ಅಳೆದೆ, ಕಂಬ ಅಳೆದೆ, ಬೆಳಕು ಎಷ್ಟೊತ್ತಿಗೆ ಎಲ್ಲಿ ಬೀಳುತ್ತೆ ಬರ್ಕೊಂಡೆ. ಪೂಜೆ ಹೊತ್ತಲ್ಲಿ ಒಂದು ಸಲಾನೂ ನಿಂತು ನೋಡ್ಲಿಲ್ಲ."

"ಈಗ ಏನ್ಮಾಡೋದು? ಪ್ರಶಸ್ತಿ ತೀರ್ಮಾನ ಆಗೋವರೆಗೆ ಸುಮ್ನಿರೋಣ್ವಾ?" ಎಂದೆ. ಹಾಗೆ ಕೇಳಿದ್ದೂ ನಾನೇ. ಮರೆಯಬಾರದು ಅಂತ ಬರೆಯುತ್ತಿದ್ದೇನೆ.

"ಅಷ್ಟರಲ್ಲಿ ಇನ್ನೊಬ್ರು ಬಿದ್ರೆ?" ಎಂದಳು. ಆ ವಾರವೇ ಅವಳೇ ಆ ಮೇಡಂಗೆ ಕಾಗದ ಬರೆದಳು. ಅಷ್ಟು ವರ್ಷದ ಕೆಲಸ, ಹೆಸರು ಬರುವ ಹೊತ್ತು. ಅವಳು ಬರೆಯದೆ ಇರಬಹುದಿತ್ತು.

ಉತ್ತರ ಬಂತು. ಅದರಲ್ಲಿ ನನಗೆಂದು ನಾಲ್ಕು ಸಾಲು ಇದ್ದವು. ಕಡೆಯ ಕಲ್ಲಿನ ಹೆಂಗಸು ಐದು ಸಲ ನೀರು ಹೊಯ್ದಂತೆ ಕೈಮಾಡಿ ತೋರಿಸಿದ್ದಳು, ನಿಮ್ಮ ಅನುವಾದದಲ್ಲಿ ನೀರು ಎಂಬ ಮಾತೇ ಇರಲಿಲ್ಲ, ಅವತ್ತೇ ನನಗೆ ಅನುಮಾನವಾಗಿತ್ತು ಎಂದು ಬರೆದಿದ್ದರು. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆದು, ಕೆಳಗೆ ಇಂಗ್ಲಿಷ್ ಹಾಕಿ ಕಳಿಸಲು ಸಾಧ್ಯವೇ ಎಂದು ಕೇಳಿದ್ದರು. ಬೈದಿದ್ದರೆ ಹಗುರವಾಗುತ್ತಿತ್ತು. ಬೈದಿರಲಿಲ್ಲ.

ನಾನು ಒಂದು ನೋಟ್‌ಬುಕ್ಕು ಹಿಡಿದು ಕೆಳಬೀದಿಗೆ ಹೋದೆ. ಸಾಕಮ್ಮನ ಮನೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಟಿ.ವಿ. ಮೇಲೆ ಮಗಳ ಬಿಳಿ ಟೋಪಿಯ ಫೋಟೋ ಇತ್ತು. ನಡೆದದ್ದನ್ನು ಹೇಳಿದೆ. ತಪ್ಪಾಯಿತು ಎಂದೆ.

"ನಂಗೊತ್ತಿತ್ತು ಬುಡಿ" ಎಂದರು. "ಗೋಯಿಂದ್ನಳ್ಳಿ ಅನ್ನೋ ಮಾತು ಒಂದ್ ಕೇಳುಸ್ತು, ಆಮೇಕೆ ಆಯಮ್ಮ ನಗಾಡುದ್ರು. ನಾನೇಳಿದ್ದಕ್ಕೆ ಯಾರ್ ನಗ್ತಾರೆ?" ಮಣೆ ಹಾಕಿ ಕೂರಿಸಿ, ಮತ್ತೊಮ್ಮೆ ಎಲ್ಲವನ್ನೂ ಹೇಳಿದರು. ಬರೆದುಕೊಂಡೆ. ಬರೆದದ್ದನ್ನು ಓದಿ ಹೇಳಿದಾಗ ಒಂದು ಕಡೆ ತಡೆದರು. "ಬಾಗ್ಲಲ್ ನಿಂತ್ಕಂಡು ನೋಡಿವ್ನಿ ಅಂದ್ನಲ್ಲ, ಅದ್ನ ಬುಟ್ಬುಟ್ರಿ." ನಿಜ, ಬಿಟ್ಟಿದ್ದೆ. ಸೇರಿಸಿದೆ. ಅದರ ಇಂಗ್ಲಿಷ್ ಬರೆಯಲು ನನಗೆ ಎರಡು ದಿನ ಹಿಡಿಯಿತು.

ಕಾರ್ತಿಕ ಮಾಸದಲ್ಲಿ ಪ್ರಶಸ್ತಿ ಪಡೆದವರ ಹೆಸರುಗಳು ಬಂದವು. ನಮ್ಮ ಕಟ್ಟೆ ಇರಲಿಲ್ಲ. ಆ ಕಾಗದದಿಂದಲೇ ಹೋಯಿತೋ, ಕಾಗದವಿಲ್ಲದಿದ್ದರೂ ಹೋಗುತ್ತಿತ್ತೋ, ಗೊತ್ತಿಲ್ಲ, ಯಾರೂ ಹೇಳಲಿಲ್ಲ. ಹೆಸರು ಕೆತ್ತಿಸಲೆಂದು ತರಿಸಿಟ್ಟಿದ್ದ ಚಪ್ಪಡಿಯನ್ನು ಅಧ್ಯಕ್ಷರು ಬಸ್‌ಸ್ಟಾಪಿನಲ್ಲಿ ಕೂರುವುದಕ್ಕೆ ಹಾಕಿಸಿದರು. "ಅವ್ರಿಗೆ ನಮ್ ನೀರು ಇಡಿಸ್ನಿಲ್ಲ, ಬುಡಿ" ಎಂದರು. ನಾನು ಅವರಿಗೆ ಕಾಫಿ ಕೊಟ್ಟು ಒಳಗೆ ಹೋದೆ. ಕಾಗದದ ವಿಷಯ ಅತ್ತೆಗೂ ಈವರೆಗೆ ಹೇಳಿಲ್ಲ.

ಬೇಸಿಗೆಯಲ್ಲಿ ನಾಲೆ ನಿಂತಾಗ ಅನಘಾ ಅದೇ ಚಿನಕುರಳಿ ಕಡೆಯ ಕಲ್ಲು ಕೆಲಸದವರನ್ನು ಕರೆದುಕೊಂಡು ಬಂದಳು. ತೂಬಿನಿಂದ ಒಂದು ದಪ್ಪ ಪೈಪು ಎಳೆಸಿ, ಪ್ರತಿ ಕಲ್ಲಿಗೂ ಒಂದೊಂದು ನಲ್ಲಿ ಕೂರಿಸಿದಳು. ಕಾಲುವೆ ಈಗ ಕೊಳೆ ನೀರು ಹೋಗುವುದಕ್ಕೆ ಮಾತ್ರ. "ಇಷ್ಟ್ ನೈಸಾಗ್ ಮಾಡಿದ್ ಕಲ್ಲಿಗೆ ತೂತಾಕ್ಸ್ತೀರಲ್ಲ ತಾಯಿ" ಅಂತ ಕೆಲಸದವರಲ್ಲಿ ವಯಸ್ಸಾದವರೊಬ್ಬರು ಉಳಿ ಹಿಡಿದು ಗೊಣಗಿದರು. "ಮೊದಲೇ ಹಾಕಿಸಬೇಕಿತ್ತು, ತಪ್ಪು ನಂದೇ" ಎಂದಳು ಅನಘಾ. ಈಗಲೂ ವರ್ಷಕ್ಕೊಮ್ಮೆ ಎಲ್ಲಿಂದಲೋ ವಿದ್ಯಾರ್ಥಿಗಳು ಕಟ್ಟೆ ನೋಡಲು ಬರುತ್ತಾರೆ. ಪೈಪು ಕಾಣದ ಹಾಗೆ ನೆಲಕ್ಕೆ ಮಂಡಿಯೂರಿ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ನೀರೇನೋ ಹನ್ನೊಂದಕ್ಕೂ ಒಂದೇ ಆಯಿತು. ನಿಲ್ಲುವ ಸಾಲು ಮಾತ್ರ ಹಾಗೇ ಇದೆ. ನಮ್ಮ ಬೀದಿಯವರು ಈ ತುದಿ, ಅವರು ಆ ತುದಿ. ಆಮೇಲೆ ನಮ್ಮ ಮನೆಗೆ ಮೆಷಿನ್ನು ಬಂತು, ನಾನು ಹೋಗುವುದೇ ನಿಂತಿತು.

ಇವತ್ತು ಬೆಳಿಗ್ಗೆ ಕಟ್ಟೆಯಲ್ಲಿ ಹೆಚ್ಚು ಜನರಿರಲಿ‌ಲ್ಲ. ಮೊದಲನೆಯ ಕಲ್ಲು ಖಾಲಿಯೇ ಇತ್ತು. ಅಲ್ಲೇ ರಗ್ಗು ಹರಡಿ ಸೋಪು ಹಚ್ಚಿದೆ, ಕುಕ್ಕಿದೆ, ಜಾಲಿಸಿದೆ. ಹಿಂಡುವಾಗ ತಿಳಿಯಿತು, ನೆನೆದ ರಗ್ಗು ಒಬ್ಬರ ಕೈಗೆ ಬಗ್ಗುವುದಲ್ಲ. ಆ ತುದಿಯಲ್ಲಿ ಸಾಕಮ್ಮ ಟವೆಲು ಹಿಂಡುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿದೆ. ಮಗಳು ನಾಗಮಂಗಲದ ಆಸ್ಪತ್ರೆಯಲ್ಲಿ ನರ್ಸು.

"ಅಲ್ಲೊಬ್ರೇ ಏನ್ ಗುದ್ದಾಡ್ತೀರಿ, ಇಲ್ಲಿಗ್ ತನ್ನಿ" ಎಂದರು.

ಬಕೆಟ್ಟು ಎತ್ತಿಕೊಂಡು ಹೋದೆ. ಅವರು ಒಂದು ತುದಿ, ನಾನು ಒಂದು ತುದಿ. ಅವರು ಬಲಕ್ಕೆ ತಿರುಚಿದರೆ ನಾನು ಎಡಕ್ಕೆ. ನೀರು ದಬದಬನೆ ಇಬ್ಬರ ಕಾಲ ಮೇಲೂ ಬಿತ್ತು. ಎರಡನೆಯ ರಗ್ಗನ್ನು ಅವರ ಕಲ್ಲಿನ ಮೇಲೆಯೇ ಹಾಕಿ ಒಗೆದೆ. ಮತ್ತೆ ಆ ತುದಿಗೆ ಹೊತ್ತುಕೊಂಡು ಹೋಗುವುದು ಯಾಕೆ ಅನ್ನಿಸಿತು. ಅಂಚಿನ ಕಲ್ಲಿನಲ್ಲಿ ಆ ಬಿಳಿ ಗೆರೆ ಈಗಲೂ ಇದೆ, ಸ್ವಲ್ಪ ಮಾಸಿದೆ. ಮಗಳಿಗೆ ರಾತ್ರಿ ಪಾಳಿ ಜಾಸ್ತಿ ಎಂದರು. ನಮ್ಮತ್ತೆಯ ಮಂಡಿ ಹೇಗಿದೆ ಎಂದು ಕೇಳಿದರು. "ದುಪ್ಟಿ ಬೀಸುದ್ ಕೈ ಕಣ್ರವ್ವ ಅದು. ನಾನ್ ಕೇಳುದ್ನಿ ಅನ್ನಿ."

ಮನೆಗೆ ಬಂದು ರಗ್ಗುಗಳನ್ನು ಮಾಳಿಗೆಯ ಗೋಡೆ ಮೇಲೆ ಹರಡಿದೆ. ಸಾಕಮ್ಮ ಕೇಳಿದರು ಎಂದು ಅತ್ತೆಗೆ ಹೇಳಿದೆ. "ಊಂ" ಎಂದರು. ಮಂಡಿ ನೀವಿಕೊಳ್ಳುತ್ತ, "ಅವ್ಳ ಮೊಣಕೈ ವಾಸಿಯಾಯ್ತಂತಾ?" ಎಂದು ಕೇಳಿದರು. ಎಂಟು ವರ್ಷವಾಯಿತು ಎಂದೆ.

ಸಂಜೆ ದೀಪ ಹಚ್ಚಿದ ಮೇಲೆ ಪಕ್ಕದ ಮನೆಯ ಭಾಗ್ಯಕ್ಕ ಮೊಸರಿನ ಹೆಪ್ಪು ಕೇಳಿಕೊಂಡು ಬಂದರು. ಹೆಪ್ಪು ಹಾಕಿಕೊಟ್ಟೆ. ಲೋಟ ಸೆರಗಿನಲ್ಲಿ ಮುಚ್ಚಿಕೊಂಡು ಹೊಸಿಲು ದಾಟುತ್ತ, ಏನೋ ಜ್ಞಾಪಿಸಿಕೊಂಡು ತಿರುಗಿದರು.

"ಬೆಳಿಗ್ಗೆ ಕಡೇ ಕಲ್ಲಲ್ಲಿ ರಗ್ಗು ಒಗೀತಿದ್ಯಂತಲ್ಲಮ್ಮಿ. ಯಾಕೆ, ಮಿಕ್ಕಿದ್ ನಲ್ಲೀಲೆಲ್ಲ ನೀರ್ ಬತ್ತಿರ್ನಿಲ್ವಾ?"